ಅಕ್ಕನ ಅರೇಬಿಯನ್ ಮರಿಯ ನೋಂದಣಿ: ತಾಯಿ ಕುದುರೆಯ ಕಾಗದ ಇನ್ನೂ ಹಳೆ ಮಾಲೀಕರ ಹೆಸರಿನಲ್ಲಿದೆ

ಸುಮಾ_ಕೊಥ್ರೂಡ್:

ಎಲ್ಲರಿಗೂ ನಮಸ್ಕಾರ. ಕುದುರೆ ವಿಷಯ ತಿಳಿದವರು ಇಲ್ಲಿ ಯಾರಾದರೂ ಇದ್ದರೆ ದಯವಿಟ್ಟು ದಾರಿ ತೋರಿಸಿ. ನಮ್ಮ ಅಕ್ಕ, ಭಾವ ಟೆಕ್ಸಾಸ್‌ನಲ್ಲಿದ್ದಾರೆ. ಹೋದ ಚಳಿಗಾಲದಲ್ಲಿ ಗಬ್ಬವಾಗಿದ್ದ ಅರೇಬಿಯನ್ ಕುದುರೆಯೊಂದನ್ನು ಕೊಂಡರು. ಏಪ್ರಿಲ್‌ನಲ್ಲಿ ಅದು ಗಂಡು ಮರಿ ಹಾಕಿತು. ಅಕ್ಕನಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ, ಭಾವ ವಾರಗಟ್ಟಲೆ ಟೂರ್‌ನಲ್ಲಿರುತ್ತಾರೆ. ನಾನು ಇಲ್ಲಿ ಪುಣೆಯಲ್ಲಿ ಸಿಎ ಆಫೀಸಿನಲ್ಲಿ ದಿನವೆಲ್ಲ ಕಾಗದಪತ್ರ ನೋಡುವವಳು, ಹಾಗಾಗಿ ಮರಿಯ ನೋಂದಣಿ ಕೆಲಸ ನನ್ನ ಪಾಲಿಗೆ ಬಂದಿದೆ.

ತೊಡಕು ಇಷ್ಟು. ಮಾರಿದವರು ತಾಯಿ ಕುದುರೆಯ ಸರ್ಟಿಫಿಕೇಟ್ ಕೈಗೆ ಕೊಟ್ಟಿದ್ದಾರೆ, ವರ್ಗಾವಣೆ ಕಾಗದಕ್ಕೆ ಮಾತ್ರ ಸಹಿ ಹಾಕಿಲ್ಲ. ಫೋನ್ ಮಾಡಿದಾಗೆಲ್ಲ "ಮುಂದಿನ ವಾರ" ಅನ್ನುತ್ತಾರೆ. ತಂದೆ ಕುದುರೆ ಬೇರೆ ರಾಜ್ಯದಲ್ಲಿರುವ ಮೂರನೆಯವರದು. ಅವರಿಗೂ ಹಳೆ ಮಾಲೀಕರಿಗೂ ಹಣದ ವಿಷಯದಲ್ಲಿ ಏನೋ ಮನಸ್ತಾಪ ಇದ್ದ ಹಾಗಿದೆ.

ಖರ್ಚು ಎಲ್ಲೆಲ್ಲಿ ಬರುತ್ತದೆ? ಯಾವ ಕಾಗದ ಮೊದಲು ಆಗಬೇಕು? ಇನ್ನೊಂದು ಮಾತು: ಮರಿಯ ಕಾಗದದಲ್ಲಿ ಬ್ರೀಡರ್, ಅಂದರೆ ತಳಿ ಮಾಡಿಸಿದವರು, ಅನ್ನುವ ಜಾಗದಲ್ಲಿ ತನ್ನ ಹೆಸರೇ ಬರಬೇಕೆಂದು ಅಕ್ಕನಿಗೆ ಬಹಳ ಆಸೆ. ಆ ಮರಿ ಎದ್ದು ನಿಂತು ಹಾಲು ಕುಡಿಯುವವರೆಗೂ ಕೊಟ್ಟಿಗೆಯಲ್ಲೇ ಕೂತಿದ್ದವಳು ಅವಳು. ಅದು ಸಾಧ್ಯವೇ?

ಪಣಜಿ_ಪ್ರಕಾಶ:

ನಮಸ್ಕಾರ ಸುಮಾ ಅವರೇ. ಬರೀ ಸವಾರಿಗೆ ಇಟ್ಟುಕೊಳ್ಳುವುದಾದರೆ ಇಷ್ಟೆಲ್ಲ ಓಡಾಟ ಯಾಕೆ? ಮರಿ ಆರೋಗ್ಯವಾಗಿದೆ, ತಂದೆ ತಾಯಿ ಯಾರೆಂದು ಮನೆಯವರಿಗೆ ಗೊತ್ತು. ನಾನಿರುವ ಗೋವೆಯ ಬಂದರಿನಿಂದಲೇ ವಿಜಯನಗರಕ್ಕೆ ಅರಬ್ಬಿ ಕುದುರೆಗಳು ಹೋಗುತ್ತಿದ್ದವು. ರಾಯರು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರು ಎಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಆಗ ಹಲ್ಲು, ಕಾಲು, ನಡಿಗೆ ನೋಡಿ ಕೊಳ್ಳುತ್ತಿದ್ದರಲ್ಲವೇ? ಆ ದುಡ್ಡನ್ನು ಒಳ್ಳೆಯ ಮೇವಿಗೆ, ಲಾಳದವನಿಗೆ ಕೊಡುವುದು ಮೇಲು ಎಂದು ನನ್ನ ಅನಿಸಿಕೆ.

ಕುದುರೆ_ಡಾಕ್ಟರ್_ಮುಂಢ್ವಾ:

ಸುಮಾ ಅವರೇ, ನಾ ಧಾರವಾಡದಾಂವ, ಈಗ ಪುಣೆ ಸುತ್ತಮುತ್ತಲ ಥರೋಬ್ರೆಡ್ ಅನ್ನೋ ರೇಸ್ ಕುದುರಿ ತಳಿಯ ಫಾರ್ಮ್‌ಗಳಿಗೆ ಹೋಗ್ತೀನಿ. ಅದಕ್ಕಿಂತ ಮೊದಲು ಅರಿಜೋನಾದಾಗ ಒಂದು ಅರೇಬಿಯನ್ ಫಾರ್ಮಿನ ಹೆರಿಗಿ ಕೊಟ್ಟಿಗಿ ನೋಡಿಕೋತಿದ್ದೆ. ಮರಿಗಳ ಅರ್ಜಿ ಎಲ್ಲಾ ನನ್ನ ಕೈಯಿಂದನೇ ಹೋಗ್ತಿದ್ವು. ಅದಕ್ಕ ಸ್ವಲ್ಪ ಉದ್ದ ಬರೀತೀನಿ.

ಪ್ರಕಾಶ ಅವರ ಮಾತಿಗೆ ಮೊದಲು. ಬಸ್ರಾದಿಂದ ಹಡಗಿನಾಗ ಮುಂಬೈಗೆ ಎಷ್ಟು ಅರಬ್ಬಿ ಕುದುರಿ ಬಂದ್ವು ವಿಚಾರ ಮಾಡ್ರಿ. ಮೊದಲು ಬೈಕಲ್ಲಾದಾಗ ಓಡಿದ್ವು, 1883ರಾಗ ಮಹಾಲಕ್ಷ್ಮಿ ಮೈದಾನ ಆದಮ್ಯಾಲೆ ಅಲ್ಲಿ ಓಡಿದ್ವು, ನಮ್ಮ ಪುಣೆಯೊಳಗೂ ಓಡಿದ್ವು. ಅವುಗಳ ಸಂತಾನ ಇವತ್ತು ಎಲ್ಲಿ ಅದ ಅಂತ ಕೇಳಿದ್ರ ಬೆರಳು ಮಾಡಿ ತೋರಿಸೋರು ಸಿಗೂದಿಲ್ಲ. ರಕ್ತ ಎಲ್ಲೋ ಹರೀತಿರಬಹುದು, ಬರವಣಿಗಿ ಇಲ್ಲ. ಜಗತ್ತಿನ ಅರೇಬಿಯನ್ ಸ್ಟಡ್ ಬುಕ್‌ಗಳನ್ನ, ಅಂದ್ರ ವಂಶ ಬರೆದಿಡೋ ದಾಖಲೆ ಪುಸ್ತಕಗಳನ್ನ, ಒಂದು ಸೂತ್ರಕ್ಕ ತಂದ ವಾಹೊ ಅನ್ನೋ ಸಂಸ್ಥಾ ಶುದ್ಧ ಅರೇಬಿಯನ್ ಅಂದ್ರ ಏನಂತ ಹೇಳ್ತದ ಗೊತ್ತೇನ್ರಿ? ತಾನು ಒಪ್ಪಿದ ಸ್ಟಡ್ ಬುಕ್ಕಿನಾಗ ಹೆಸರಿರೋ ಕುದುರಿ, ಅಷ್ಟ. ಮುಖದ ಚೆಲುವು, ಬಾಲ ಎತ್ತೋ ಠೀವಿ ಯಾವುದೂ ಲೆಕ್ಕಕ್ಕಿಲ್ಲ. ಒಂದು ತಲಿಮಾರು ಬರೀದೇ ಬಿಟ್ರ ಅದರ ಮುಂದಿನದೆಲ್ಲಾ ಹೊರಗ. ಇವತ್ತು ಸವಾರಿಗಂತ ಇಟ್ಟ ಕುದುರಿ ನಾಳೆ ಮನಿ ಬದಲಿಸಬೇಕಾಗಿ ಬಂದ್ರ, ಕಾಗದ ಇದ್ದದ್ದಕ್ಕ ಒಳ್ಳೆ ಮಾಲೀಕ ಸಿಗ್ತಾನ. ಇಲ್ಲದ್ದನ್ನ ಕೇಳೋರು ಕಡಿಮಿ. ಅದಕ್ಕ ಮಾಡಿಸ್ರಿ ಅಂತ ಖಂಡಿತ ಹೇಳ್ತೀನಿ.

ಈಗ ನಿಮ್ಮ ಕೆಲಸ. ಅಮೆರಿಕಾದಾಗ ಇದನ್ನ ನೋಡೋದು ಕೊಲೊರಾಡೊದ ಅರೇಬಿಯನ್ ಹಾರ್ಸ್ ಅಸೋಸಿಯೇಷನ್. ವಾಹೊ ತಾನಾಗಿ ಕುದುರಿ ನೋಂದಾಯಿಸೂದಿಲ್ಲ, ಅಲ್ಲಿಗೆ ಬರಿಯೋಕ ಹೋಗಬ್ಯಾಡ್ರಿ. ಮರಿ ಸಣ್ಣದಿದ್ದಾಗ ಫೀ ಎಲ್ಲಕ್ಕಿಂತ ಕಡಿಮಿ, ವಯಸ್ಸು ಏರಿದಂಗ ಏರ್ತದ. ಸದಸ್ಯರಿಗೆ ಒಂದು ದರ, ಉಳಿದವರಿಗೆ ಜಾಸ್ತಿ. ಅಕ್ಕಾವರು ಮೊದಲು ಸದಸ್ಯತ್ವ ತಗೋಬೇಕು, ಯಾಕಂದ್ರ ಅವರಿಗೆ ತಾಯಿಯ ವರ್ಗಾವಣೆ, ಮರಿಯ ನೋಂದಣಿ ಎರಡೂ ಅದಾವ. ಡಿಎನ್‌ಎ ಖರ್ಚು ಬ್ಯಾರೆ. ಆದ್ರ ಸಂಭೋಗಕ್ಕ ಕೊಟ್ಟ ಸ್ಟಡ್ ಫೀ, ವರ್ಷದ ಮೇವು, ಡಾಕ್ಟರ್ ಖರ್ಚು ಇವುಗಳ ಮುಂದ ನೋಂದಣಿ ಫೀ ಸಣ್ಣದು. ಜನ ಫೀ ನೋಡಿ ಹೆದರತಾರ, ನಿಜವಾಗಿ ಕಾಡೋದು ಸಹಿ.

ಆ ಸಹಿ ವಿಚಾರ ಗಟ್ಟಿಯಾಗಿ ಹಿಡೀರಿ. ಸರ್ಟಿಫಿಕೇಟ್ ಕೈಯಾಗ ಇದ್ದ ಮಾತ್ರಕ್ಕ ಕುದುರಿ ನಿಮ್ಮ ಹೆಸರಿಗೆ ಬಂದಂಗಲ್ಲ. ಅಸೋಸಿಯೇಷನ್ನಿನ ದಾಖಲೆಯೊಳಗ ಯಾರ ಹೆಸರು ಅದನೋ ಅವರ ಸಹಿ ಆಗಬೇಕು. ಮಾರಿದವರು ಸ್ವತಃ ತಮ್ಮ ಹೆಸರಿಗೆ ಮಾಡಿಸಿಕೊಂಡಿದ್ರೋ ಇಲ್ಲೋ ಅದನ್ನ ಮೊದಲು ನೋಡ್ರಿ. ಮೂರು ಕೈ ದಾಟಿದ ಕುದುರಿ ಮೊದಲಿನವರ ಹೆಸರಿನಾಗೇ ಕೂತಿರೋದನ್ನ ನಾ ಕಂಡೀನಿ. ಹಂಗಿದ್ರ ನಡುವಿನ ಒಬ್ಬೊಬ್ಬರ ಸಹಿನೂ ಸಾಲಾಗಿ ಬೇಕಾಗ್ತದ. ಮಾರಾಟದ ಕರಾರು ಪತ್ರ, ಚೆಕ್ಕಿನ ಪ್ರತಿ, ಮೆಸೇಜು ಎಲ್ಲಾ ಒಂದು ಫೈಲಿಗೆ ಹಾಕ್ರಿ. ಮಾರಿದವರಿಗೆ ಫೋನ್ ಮಾಡಿದ್ದು ಸಾಕು, ಇನ್ನ ಬರವಣಿಗಿಯೊಳಗ ಕೇಳ್ರಿ. ಸಹಿ ಮಾಡೋ ಫಾರ್ಮು ತುಂಬಿ, ವಾಪಸ್ ಕಳಿಸೋಕ ಸ್ಟಾಂಪ್ ಹಚ್ಚಿದ ಲಕೋಟಿ ಸಮೇತ ಕಳಿಸ್ರಿ. ಪೆನ್ನು ಹಿಡಿಯೋದೊಂದ ಬಾಕಿ ಉಳೀಬೇಕು ಅವರಿಗೆ.

ಎರಡನೇ ಸಹಿ ತಂದೆ ಕುದುರಿಯವರದು. ಅವರು ಆ ವರ್ಷ ಯಾವ್ಯಾವ ಹೆಣ್ಣು ಕುದುರಿ ಕೂಡಿಸಿದ್ರು, ಯಾವ ತಾರೀಕಿಗೆ, ಅಂತ ಅಸೋಸಿಯೇಷನ್ನಿಗೆ ವರದಿ ಕೊಟ್ಟಿರಬೇಕು. ಆಮ್ಯಾಲೆ ಈ ಮರಿ ತಮ್ಮ ಗಂಡು ಕುದುರಿದೇ ಅಂತ ಬ್ರೀಡರ್ಸ್ ಸರ್ಟಿಫಿಕೇಟ್ ಅನ್ನೋ ಕಾಗದ ಕೊಡಬೇಕು. ಸ್ಟಡ್ ಫೀ, ಕೊಟ್ಟಿಗಿ ಬಾಡಿಗಿ ಬಾಕಿ ಇದ್ರ ಆ ಕಾಗದ ತಡಿಯೋ ಷರತ್ತು ಕರಾರಿನಾಗ ಇರೋದು ಸಾಮಾನ್ಯ. ಅದು ಹಳೇ ಮಾಲೀಕರ ಸಾಲ, ಅಕ್ಕಾವರದಲ್ಲ, ಆದ್ರೂ ಮರಿ ಸಿಕ್ಕಿಬೀಳ್ತದ. ಅದಕ್ಕ ನೇರ ಅವರಿಗೇ ಬರೆದು ಬಾಕಿ ಎಷ್ಟು ಅಂತ ಕೇಳ್ರಿ. ಮೊತ್ತ ತಿಳಿದಮ್ಯಾಲೆ ಮಾರಿದವರ ಜೋಡಿ ಮಾತು ಸುಲಭ ಆಗ್ತದ.

ಬ್ರೀಡರ್ ಹೆಸರಿನ ಬಗ್ಗೆ ಅಕ್ಕಾವರಿಗೆ ಬ್ಯಾಸರ ಆಗಬಹುದು. ಕೂಡಿಸಿದ ದಿವಸ ತಾಯಿ ಕುದುರಿ ಯಾರದಿತ್ತೋ ಅವರೇ ಬ್ರೀಡರ್. ಹೆತ್ತದ್ದು ನಿಮ್ಮ ಕೊಟ್ಟಿಗಿಯೊಳಗಾದ್ರೂ ಆ ಜಾಗದಾಗ ಹಳೇ ಮಾಲೀಕರ ಹೆಸರೇ ಬರ್ತದ, ಮಾಲೀಕರ ಜಾಗದಾಗ ಅಕ್ಕಾವರದು. ನನಗನಿಸಿದ್ದು ಹೇಳ್ತೀನಿ, ಈ ನಿಯಮ ನ್ಯಾಯವಾದದ್ದು. ಯಾವ ಗಂಡಿಗೆ ಯಾವ ಹೆಣ್ಣು ಅಂತ ಆರಿಸಿದವರು ಅವರು. ಬ್ರೀಡರ್ ಆಗಿ ಹೆಸರು ಉಳಿಯೂದು ಸಹಿ ಮಾಡಿದ್ರನೇ ಅನ್ನೋದನ್ನ ಅವರಿಗೆ ನೆನಪು ಮಾಡಿಕೊಡ್ರಿ, ಮನಸ್ಸು ಬದಲಾದೀತು.

ಇನ್ನ ಡಿಎನ್‌ಎ. ಜೂಲಿನ ಕೂದಲು ಬೇರು ಸಮೇತ ಕಿತ್ತು ಕಳಿಸಬೇಕು. ಕತ್ತರಿಸಿದ ಕೂದಲು ನಡಿಯೂದಿಲ್ಲ, ಪರೀಕ್ಷೆ ಆಗೋದು ಬೇರಿನ ಬಿಳಿ ಗುಂಡಿನ ಮ್ಯಾಲೆ. ಮರಿ ಕೂದಲು ಎಳೇದು, ಬೇರು ಬಹಳ ಸಣ್ಣದು, ಅದಕ್ಕ ಸ್ವಲ್ಪ ಹೆಚ್ಚೇ ಕೀಳ್ರಿ. ಬೆರಳಿಗೆ ನಾಲ್ಕಾರು ಎಳಿ ಸುತ್ತಿ ಒಮ್ಮೆಲೇ ಜಗ್ಗಬೇಕು. ಬೆಳಕಿಗೆ ಹಿಡಿದು ಬೇರು ಕಂಡಮ್ಯಾಲೆ ಲಕೋಟಿಗೆ ಹಾಕ್ರಿ. ತಾಯಿ ಮೈ ಉಜ್ಜಿದ ಬ್ರಷ್ಷು, ಕೈ ತೊಳೀದೇ ಮರಿ ಕಡೆ ಹೋಗಬ್ಯಾಡ್ರಿ. ತಂದಿ ತಾಯಿ ಇಬ್ಬರ ಡಿಎನ್‌ಎನೂ ಕಡತದಾಗ ಇದ್ರನೇ ತಾಳಿ ನೋಡಾಕ ಬರ್ತದ, ಅದನ್ನೂ ಈಗಲೇ ವಿಚಾರಿಸ್ರಿ.

ಕಡೀ ಮಾತು, ನೋಂದಣಿಗೆ ಬೇಕಿಲ್ಲದಿದ್ರೂ ಒಂದಿಷ್ಟು ಖರ್ಚು ಮಾಡ್ರಿ: ಸಿಡ್ ಅನ್ನೋ ರೋಗದ ಪರೀಕ್ಷೆ. ಇದು ಅರೇಬಿಯನ್ ವಂಶದಾಗ ಬರೋ ರೋಗನಿರೋಧಕ ಶಕ್ತಿಯ ಕೊರತೆ. ತಂದಿ ತಾಯಿ ಇಬ್ಬರೂ ವಾಹಕರಾಗಿದ್ರ, ಅಂದ್ರ ತಾವು ಆರಾಮಿದ್ದು ರೋಗದ ಜೀನ್ ಹೊತ್ತವರಾಗಿದ್ರ, ನಾಲ್ಕರಾಗ ಒಂದು ಮರಿಗೆ ಬರೋ ಸಂಭವ. ಹುಟ್ಟಿದಾಗ ಮರಿ ಗಟ್ಟಿಮುಟ್ಟ ಕಾಣ್ತದ, ಗಿಣ್ಣದ ಹಾಲಿನ ಶಕ್ತಿ ಇರೋತನಕ ಆಡ್ತದ, ಆಮ್ಯಾಲೆ ಒಂದರ ಹಿಂದೊಂದು ಸೋಂಕು, ಆರು ತಿಂಗಳು ದಾಟೂದಿಲ್ಲ. ಮೆದುಳಿನ ಒಂದು ಭಾಗ ಸೊರಗಿ ನಡಿಗಿ ತಪ್ಪೋ ಸಿಎ ಅನ್ನೋ ರೋಗ, ಮೈಬಣ್ಣ ಮಸುಕಾಗಿ ಹುಟ್ಟೋ ಲ್ಯಾವೆಂಡರ್ ಫೋಲ್, ಇವಕ್ಕೂ ಪರೀಕ್ಷೆ ಅದಾವ. ಎಲ್ಲಾ ಅದೇ ಕೂದಲ ಬೇರಿನಿಂದ ಆಗ್ತಾವ. ಅಕ್ಕಾವರ ಮರಿ ವಾಹಕ ಅಂತ ಬಂದ್ರ ಅದಕ್ಕೇನೂ ಆಗೂದಿಲ್ಲ, ಆರಾಮಾಗಿ ಬದುಕ್ತದ. ಆದ್ರ ಮುಂದ ಹೆಣ್ಣಿಗೆ ಬಿಡೋ ಮೊದಲು ತಿಳಿದಿರಬೇಕು.

ಪಣಜಿ_ಪ್ರಕಾಶ:

ಡಾಕ್ಟರೇ, ಮಹಾಲಕ್ಷ್ಮಿಯ ಮಾತು ಒಪ್ಪಿದೆ. ಸುಮಾ ಅವರೇ, ಮಾಡಿಸಿ.

ಹಡಪ್ಸರ್_ಗುಮಾಸ್ತ:

ನಾನು ಸ್ಟಡ್ ಫಾರ್ಮ್ ಒಂದರ ಆಫೀಸಿನಲ್ಲಿದ್ದೇನೆ. ನಮ್ಮದು ಥರೋಬ್ರೆಡ್, ಭಾರತದ ಸ್ಟಡ್ ಬುಕ್ ಕಚೇರಿ ಇಲ್ಲೇ ಪುಣೆಯಲ್ಲಿ. ನಮ್ಮಲ್ಲಿ ಗಂಡು ಹೆಣ್ಣು ನೇರವಾಗಿ ಕೂಡಿದ್ದಕ್ಕೆ ಹುಟ್ಟಿದ ಮರಿಗೆ ಮಾತ್ರ ನೋಂದಣಿ, ಕೃತಕ ಗರ್ಭಧಾರಣೆಯದ್ದು ನಡೆಯುವುದಿಲ್ಲ. ಅರೇಬಿಯನ್‌ಗಳಲ್ಲಿ ವೀರ್ಯ ಪಾರ್ಸೆಲ್ ಮಾಡಿ ತರಿಸಿದರೂ ಒಪ್ಪುತ್ತಾರೆ. ತಂದೆ ಬೇರೆ ರಾಜ್ಯದಲ್ಲಿದೆ ಎಂದಿರಿ. ಹಾಗೆ ತರಿಸಿದ್ದೇ, ತಾಯಿಯನ್ನೇ ಅಲ್ಲಿಗೆ ಒಯ್ದಿದ್ದರೇ ಎಂದು ಕೇಳಿಕೊಳ್ಳಿ, ಅರ್ಜಿಯಲ್ಲಿ ಅದಕ್ಕೆ ತಕ್ಕಂತೆ ತೋರಿಸಬೇಕಾಗುತ್ತದೆ. ಗಬ್ಬದ ದಿನಗಳನ್ನೂ ತಾಳೆ ನೋಡಿ, ಹೆಚ್ಚು ಕಡಿಮೆ ಹನ್ನೊಂದು ತಿಂಗಳು.

ಸುಮಾ_ಕೊಥ್ರೂಡ್:

ಡಾಕ್ಟರೇ, ಓದುತ್ತಾ ಕಣ್ಣು ತುಂಬಿ ಬಂತು. ನಿನ್ನೆ ರಾತ್ರಿ ಅಕ್ಕನಿಗೆ ಎಲ್ಲ ಓದಿ ಹೇಳಿದೆ. ಬ್ರೀಡರ್ ಹೆಸರಿನ ಮಾತಿಗೆ ಸ್ವಲ್ಪ ಹೊತ್ತು ಸುಮ್ಮನಾದಳು, ಆಮೇಲೆ "ಸರಿ, ಅವರಿಗೂ ಅದು ಸಲ್ಲಬೇಕಾದ್ದೇ" ಅಂದಳು. ತಂದೆ ಕುದುರೆಯವರಿಗೆ ಇವತ್ತೇ ಪತ್ರ ಹೋಗಿದೆ. ವಿಚಾರಿಸಿದಾಗ ತಾಯಿಯ ದಾಖಲೆ ಮಾರಿದವರ ಹೆಸರಿನಲ್ಲೇ ಇದೆಯೆಂದು ಗೊತ್ತಾಯಿತು, ನಡುವೆ ಬೇರೆ ಯಾರೂ ಇಲ್ಲ.

ಒಂದೇ ಒಂದು ಸಂದೇಹ. ಅರ್ಜಿಯಲ್ಲಿ ಬಣ್ಣ ಬರೆಯಬೇಕಲ್ಲ. ತಾಯಿ ಪೂರ್ತಿ ಬಿಳಿ, ಮರಿ ಮಾತ್ರ ಕೆಂಪು. ಏನೆಂದು ಬರೆಯಲಿ?

ಕುದುರೆ_ಡಾಕ್ಟರ್_ಮುಂಢ್ವಾ:

ತಾಯಿ ಸರ್ಟಿಫಿಕೇಟ್ ನೋಡ್ರಿ, ಅದರಾಗ ಗ್ರೇ ಅಂತ ಇರ್ತದ. ಅರೇಬಿಯನ್‌ಗಳ ಬಿಳುಪು ಬಹುತೇಕ ಗ್ರೇನೇ. ಹುಟ್ಟುವಾಗ ಕೆಂಪೋ ಕರಿಯೋ ಇದ್ದು ವರ್ಷ ಹೋದಂಗ ಬೆಳ್ಳಗಾಗ್ತಾವ. ತಂದಿ ತಾಯಿಯೊಳಗ ಒಂದರೆ ಗ್ರೇ ಇದ್ರ ಮರಿ ಗ್ರೇ ಆಗಬಹುದು, ಆಗದೇನೂ ಇರಬಹುದು. ಮರಿ ಕಣ್ಣಿನ ಸುತ್ತ, ರೆಪ್ಪಿ ಹತ್ರ ಬಿಳಿ ಕೂದಲು ಬೆರೆತಾವೇನು ನೋಡ್ರಿ, ಗ್ರೇ ಮೊದಲು ಅಲ್ಲೇ ತಲೀ ಎತ್ತೋದು. ಎಳೇ ಕೂದಲು ಉದುರಿ ಹೊಸದು ಬಂದಾಗ ಇನ್ನೂ ಸ್ಪಷ್ಟ ಆಗ್ತದ. ಸಹಿಗಳು ಬರೂದ್ರಾಗ ಅಷ್ಟು ವ್ಯಾಳೆ ಹ್ಯಾಂಗೂ ಹೋಗ್ತದ.

ಕಾಲಿನ ಬಿಳಿ ಗುರುತು ಬರಿಯೋ ಮೊದಲು ನೀರು ಹಾಕಿ ಕಾಲು ತೋಯಿಸ್ರಿ. ಮರಿಗಳ ಕಾಲಿನ ಎಳೇ ಕೂದಲು ಮಸುಕಾಗಿದ್ದು ಎಲ್ಲಾ ಬಿಳಿ ಕಂಡಂಗಾಗ್ತದ. ತೋಯ್ದಾಗ ಕೆಳಗಿನ ತೊಗಲು ಗುಲಾಬಿ ಕಂಡ್ರ ಅದು ಖರೇ ಬಿಳಿ ಗುರುತು, ಕರಿ ಕಂಡ್ರ ಬರಿಯಬ್ಯಾಡ್ರಿ. ಹಣಿ ಮತ್ತ ಕುತ್ತಿಗಿ ಸುಳಿಗಳನ್ನ ನಮ್ಮ ಕಡೆ ಎತ್ತಿನ ಸುಳಿ ನೋಡಿದಂಗ ನಿಂತು ನೋಡಿ, ಎಡ ಬಲ ಎರಡೂ ಮಗ್ಗಲಿನಿಂದ ಫೋಟೋ ತೆಗೆಸಿ ಇಟ್ಕೊಳ್ರಿ. ನನಗೂ ಇಲ್ಲೇ ಹಾಕ್ರಿ, ಬಣ್ಣ ಬರಿಯೋ ಮೊದಲು ಒಮ್ಮೆ ನೋಡಿ ಹೇಳ್ತೀನಿ.