ಅಂಗಳದ ಲೈಟ್ ಹಾಕಿದರೆ ಆರ್‌ಸಿಸಿಬಿ ಬೀಳುತ್ತಿದೆ

ಕಾಪು_ಮನೆ: ಹಳೇ ಮನೆ. ಅಂಗಳಕ್ಕೆ ಹೊಸದಾಗಿ 9 ವ್ಯಾಟ್ ಎಲ್‌ಇಡಿ ಹಾಕಿಸಿದೆವು. ಸ್ವಿಚ್ ಒತ್ತಿದ ಕೂಡಲೇ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಬೀಳುತ್ತದೆ. ಬೇರೇನೂ ತೊಂದರೆ ಇಲ್ಲ. ವೈರಿಂಗ್ ಮಾಡಿದವರು, "ಮಳೆಗಾಲ ಅಲ್ವಾ, ಆರ್‌ಸಿಸಿಬಿ ತೆಗೆದುಬಿಡಿ, ಎಂಸಿಬಿ (ಲೋಡ್ ಮಿತಿ ಮೀರಿದರೆ ಬೀಳುವ ಸ್ವಿಚ್) ಇದೆಯಲ್ಲ" ಅನ್ನುತ್ತಾರೆ. ತೆಗೆಯಬಹುದಾ?

ಟೆಸ್ಟರ್_ಮಂಗಳೂರು: ಬೇಡವೇ ಬೇಡ. ನಮ್ಮದು ಮುರಕಲ್ಲಿನ ನೆಲ, ಬೇಸಿಗೆಯಲ್ಲಿ ಒಣಗಿದಾಗ ಅರ್ಥಿಂಗ್ ಕೆಡುತ್ತದೆ. ಅದರ ರೆಸಿಸ್ಟೆನ್ಸ್ 20 ಓಮ್ ಅಂತಿಟ್ಟುಕೊಳ್ಳಿ. ಗೀಸರ್ ಬಾಡಿಗೆ ಫೇಸ್ (ಕರೆಂಟ್ ಬರುವ ವೈರ್) ತಾಗಿದರೆ 230 ವೋಲ್ಟಿಗೆ ಹರಿಯುವುದು ಬರೀ 11.5 ಆಂಪ್. 16 ಆಂಪ್ ಎಂಸಿಬಿಗೆ ಅದು ಮಾಮೂಲಿ ಲೋಡ್, ಬೀಳುವುದೇ ಇಲ್ಲ. ಗೀಸರ್ ಬಾಡಿಯಲ್ಲಿ ಕರೆಂಟ್ ಹಾಗೇ ಇರುತ್ತದೆ. ಅಲ್ಲಿ ಜೀವ ಉಳಿಸುವುದು ಆರ್‌ಸಿಸಿಬಿಯೇ.

ಇನ್ನು ನಿಮ್ಮ ಲೈಟ್. ಮೇನ್ ಆಫ್ ಮಾಡಿ ಬಲ್ಬ್ ಬಿಚ್ಚಿ. ಮತ್ತೆ ಮೇನ್ ಹಾಕಿ ಆ ಸ್ವಿಚ್ ಒತ್ತಿ. ಆಗಲೂ ಬಿದ್ದರೆ ಹೋಲ್ಡರಿಗೆ ನೀರು ಹೋಗಿದೆ, ಇಲ್ಲವೇ ವೈರ್ ಇನ್ಸುಲೇಷನ್ ಹಾಳಾಗಿದೆ. ಬೀಳದಿದ್ದರೆ ನನ್ನ ಅನುಮಾನ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರ್) ಮೇಲೆ.

ಕಾಪು_ಮನೆ: ಬಲ್ಬ್ ಇಲ್ಲದಿದ್ದರೆ ಬೀಳುವುದಿಲ್ಲ! ಬಾವಿ ಪಂಪಿನ ಲೈನ್ ಅಲ್ಲೇ ಪಕ್ಕದಲ್ಲಿದೆ. ಅದು ಆರ್‌ಸಿಸಿಬಿ ಮೂಲಕ ಬರುವುದಿಲ್ಲ.

ಟೆಸ್ಟರ್_ಮಂಗಳೂರು: ಹಾಗಾದರೆ ಫೇಸ್ ಮನೆಯಿಂದ, ನ್ಯೂಟ್ರಲ್ ಪಂಪಿನಿಂದ ತೆಗೆದಿರಬೇಕು. ವೈರ್ ಉಳಿಸುವ ಆಸೆ! ಹೋದ ಕರೆಂಟ್ ಅದೇ ಆರ್‌ಸಿಸಿಬಿ ಮೂಲಕ ವಾಪಸ್ ಬರಬೇಕು, ಬರದಿದ್ದರೆ ಅದು ಸೋರಿಕೆ ಅಂತಲೇ ಲೆಕ್ಕ. 9 ವ್ಯಾಟ್ ಬಲ್ಬ್ ಸುಮಾರು 40 ಮಿಲಿಆಂಪ್ ಎಳೆಯುತ್ತದೆ. ಅಷ್ಟೇ ಸಾಕು.

ಪಡುಬಿದ್ರಿ_ವೈರ್: ಬಾಕ್ಸ್ ಬಿಚ್ಚಲು ನೀವೇ ಹೋಗಬೇಡಿ. ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮದಲ್ಲಿ ಬಲ್ಬ್, ಫ್ಯಾನ್, ಫ್ಯೂಸ್, ಸ್ವಿಚ್ ಬದಲಿಸುವುದಕ್ಕೆ ವಿನಾಯಿತಿ ಇದೆ. ಹೊಸ ಪಾಯಿಂಟ್, ಲೈನ್ ಬದಲಾವಣೆ ಲೈಸೆನ್ಸ್ ಇರುವ ಕಂಟ್ರಾಕ್ಟರ್ ಕೆಲಸ. ಮೊದಲು ಮಾಡಿದವರಿಗೆ ಲೈಸೆನ್ಸ್ ಇತ್ತಾ?

ಕಾಪು_ಮನೆ: ಕೇಳಿರಲಿಲ್ಲ. ಇವತ್ತು ಲೈಸೆನ್ಸ್ ಇರುವ ಬೇರೆಯವರು ಬಂದು ನೋಡಿದರು. ನ್ಯೂಟ್ರಲ್ ಪಂಪಿನದ್ದೇ. ಅದನ್ನು ಬಿಡಿಸಿ ಮನೆ ಲೈನಿನಿಂದಲೇ ಬೇರೆ ಕಪ್ಪು ವೈರ್ ಎಳೆದರು, ಈಗ ಲೈಟ್ ಉರಿಯುತ್ತಿದೆ. ಪಂಪಿಗೂ ಒಂದು ಆರ್‌ಸಿಸಿಬಿ ಹಾಕಿಸುವುದು ಒಳ್ಳೆಯದಾ?

ಟೆಸ್ಟರ್_ಮಂಗಳೂರು: ಖಂಡಿತ. ಒದ್ದೆ ಬಾವಿಕಟ್ಟೆ ಹತ್ತಿರ ಅದು ಇರಲೇಬೇಕು. ಹಾಕಿದ ಮೇಲೆ ಟೆಸ್ಟ್ ಬಟನ್ ಒತ್ತಿ ಬೀಳುತ್ತದಾ ನೋಡಿ. ಅರ್ಥ್ ರೆಸಿಸ್ಟೆನ್ಸ್ ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಅಳೆಸಿ. ಮಳೆಗಾಲದಲ್ಲಿ ಅಳೆದರೆ ಚೆನ್ನಾಗಿಯೇ ಕಾಣುತ್ತದೆ.