ಪದಚರ್ಚೆ: ಬೋರ್ಡಿಗೆ ದೊಡ್ಡಪತ್ರೆ ಅಂತ ಬರೀಬಹುದಾ? (ಅರ್ಜೆಂಟ್)

ನಮಸ್ಕಾರ. ಮಂಡ್ಯ ಹತ್ರ ಒಂದು ಸ್ಕೂಲಿನ ಕೈತೋಟಕ್ಕೆ ಗಿಡದ ಹೆಸರು ಬರೆದುಕೊಡ್ತಿದೀನಿ, ನಾಳೆ ಬೆಳಿಗ್ಗೆ ಪೇಂಟರ್ ಬರ್ತಾರೆ. ಇಂಗ್ಲಿಷ್ ಪಟ್ಟಿಲಿ ಒಂದು ಗಿಡಕ್ಕೆ 'ಕ್ಯೂಬನ್ ಒರೆಗಾನೊ' ಅಂತಿದೆ, ನೋಡಿದ್ರೆ ನಮ್ಮ ಹಿತ್ತಲಲ್ಲಿರೋ ದೊಡ್ಡಪತ್ರೆನೇ. ಏನು ಬರೀಲಿ, ದೊಡ್ಡಪತ್ರೆ, ಸಾಂಬ್ರಾಣಿ ಸೊಪ್ಪು, ಒರೆಗಾನೊ? ಕೆಳಗೆ 'ಕೆಮ್ಮು ನೆಗಡಿ ಗುಣಪಡಿಸುತ್ತದೆ' ಅಂತ ಒಂದು ಸಾಲೂ ಇದೆ, ಸರಿನಾ?

*

ಒರೆಗಾನೊ ಬೇಡವೇ ಬೇಡ. ಪಿಜ್ಜಾ ಮೇಲೆ ಉದುರಿಸೋದು ಒರಿಗ್ಯಾನಮ್ ವಲ್ಗೇರ್, ಇದು ಕೋಲಿಯಸ್ ಅಂಬೋಯ್ನಿಕಸ್. ಎರಡೂ ತುಳಸಿ ಕುಟುಂಬದ್ದೇ, ಎರಡರ ಎಣ್ಣೇಲೂ ಕಾರ್ವಕ್ರಾಲ್ ಅನ್ನೋ ಘಮದ ಅಂಶ ಇರೋದ್ರಿಂದ ಘಮ ಹೋಲುತ್ತೆ, ಅಷ್ಟೇ. ಓಮದೆಲೆ ಅಂತ ಹೇಳೋರೂ ತಪ್ಪು, ಓಮ ಕೊತ್ತಂಬರಿ ಕುಟುಂಬದ್ದು. ಸಾಂಬ್ರಾಣಿ ಕರಾವಳಿ ಕಡೆ ನಡೆಯುತ್ತೆ, ನಮ್ಮಲ್ಲಿ ಸಾಂಬ್ರಾಣಿ ಅಂದ್ರೆ ಧೂಪ.

*

ದೊಡ್ಡಪತ್ರೆ ಅರಿಸಮಾಸ, ಅಂದ್ರೆ ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದಿದ್ದು. ಮಕ್ಕಳು ಓದೋ ಬೋರ್ಡಲ್ಲಿ ಬರಬಾರದು. 'ದೊಡ್ಡೆಲೆ' ಅಂತ ಹಾಕಿ, ಅಚ್ಚಗನ್ನಡ ಇರುವಾಗ ಪತ್ರೆ ಯಾಕೆ.

*

ಅರಿಸಮಾಸ ಹೇಗಾಗುತ್ತೆ ಸ್ವಾಮಿ? ಪತ್ರ ನಮ್ಮ ಬಾಯಲ್ಲಿ ಪತ್ರೆ ಆಗಿ ಎಷ್ಟೋ ಕಾಲ ಆಯ್ತು, ಗಣಪತಿಗೆ ಏರಿಸೋದು ಪತ್ರೆ, ಶಿವನಿಗೆ ಬಿಲ್ವಪತ್ರೆ, ಪಲಾವಿಗೆ ಹಾಕೋ ಜಾಪತ್ರೆನೂ ಅದೇ ದಾರಿ. ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜನ ಅಡ್ಡಿ ಇರೋದು ಸಂಸ್ಕೃತ ಪದ ಇದ್ದ ಹಾಗೇ ಕನ್ನಡ ಪದಕ್ಕೆ ಸೇರಿದಾಗ, ಹೀಗೆ ರೂಪ ಬದಲಾದ ತದ್ಭವಕ್ಕಲ್ಲ. ಇನ್ನು ದೊಡ್ಡೆಲೆ. ಮೈಸೂರಲ್ಲಿ ಎಲೆ ಅಂದ್ರೆ ವೀಳ್ಯದೆಲೆ, ದೇವರಾಜ ಮಾರ್ಕೆಟ್ಟಲ್ಲಿ ದೊಡ್ಡೆಲೆ ಕೇಳಿ ನೋಡಿ ಏನು ಕೊಡ್ತಾರೆ ಅಂತ. ಜನ ಆಡ್ತಿರೋ ಪದ ಕಿತ್ತು ಯಾರೂ ಆಡದೇ ಇರೋದು ನೆಟ್ಟರೆ ಕನ್ನಡ ಬೆಳೆಯುತ್ತಾ? ಪುದೀನ ಪಾರ್ಸಿಯಿಂದ ಬಂದಿದ್ದು, ಅದನ್ನೂ ಕಿತ್ತುಹಾಕ್ತೀರಾ?

ಎರಡನೇ ಸಾಲಿನ ಬಗ್ಗೆ ಯಾರೂ ಮಾತಾಡ್ಲಿಲ್ಲ, ನನಗೆ ಅದೇ ಮುಖ್ಯ. 'ಗುಣಪಡಿಸುತ್ತದೆ' ಖಂಡಿತ ಬೇಡ, ಆ ಕ್ರಿಯಾಪದ ಡಾಕ್ಟರ್ ಕೊಡೋ ಭರವಸೆ ಥರ ಆಗುತ್ತೆ. 'ಕೆಮ್ಮು ನೆಗಡಿಗೆ ಮನೆಮದ್ದಾಗಿ ಬಳಸುತ್ತಾರೆ' ಅನ್ನಿ. ನಮ್ಮಮ್ಮ ಎಲೆನ ಕೆಂಡದ ಮೇಲೆ ಬಾಡಿಸಿ ರಸ ಹಿಂಡಿ ಜೇನು ಸೇರಿಸಿ ಕೊಡೋರು, ಗಂಟಲು ಹಿತವಾಗ್ತಿತ್ತು ನಿಜ, ಆದ್ರೆ ಜ್ವರ ಬಂದ್ರೆ ಡಾಕ್ಟರ ಹತ್ರಾನೇ ಕರ್ಕೊಂಡು ಹೋಗ್ತಿದ್ರು. ಜೇನಿನ ವಿಷಯ ಬರೆಯೋದಾದ್ರೆ ಒಂದು ವರ್ಷದೊಳಗಿನ ಮಗುಗೆ ಕೊಡಬಾರದು ಅಂತಾನೂ ಬರೀರಿ, ಬೊಟ್ಯುಲಿಸಂ ಅನ್ನೋ ವಿಷಬಾಧೆಯ ಅಪಾಯ ಇದೆ. ಜಾಗ ಉಳಿದ್ರೆ ತಂಬುಳಿ, ಬಜ್ಜಿ ಸೇರಿಸಿ, ದಿನಾ ಬಳಸೋದು ಅದಕ್ಕೇ ತಾನೆ.

*

ಪುದೀನ ಬೇರೆ ವಿಚಾರ. ಹೊರಗಿನ ಗಿಡ ತನ್ನ ಹೆಸರು ಹೊತ್ಕೊಂಡು ಬಂತು. ಮನೆ ಹಿತ್ತಲ ಗಿಡಕ್ಕೆ ಸಾಲದ ಹೆಸರು ಯಾಕೆ ಅಂತ ನನ್ನ ಪ್ರಶ್ನೆ, ಅದಕ್ಕೆ ಉತ್ತರ ಬಂದಿಲ್ಲ.

*

ಎಲ್ಲರಿಗೂ ಥ್ಯಾಂಕ್ಸ್, ದೊಡ್ಡಪತ್ರೆ ಅಂತಲೇ ಪೇಂಟರಿಗೆ ಕಳಿಸಿದೆ, ಕೆಳಗೆ 'ಬಳಸುತ್ತಾರೆ'. ಪಕ್ಕದ ಮಡೀಲಿ ಲೆಮನ್ ಗ್ರಾಸ್ ಇದೆ, ಅದಕ್ಕೆ ಮಜ್ಜಿಗೆಹುಲ್ಲು ಅನ್ನಬಹುದಾ? ರಾತ್ರಿ ಹತ್ತರೊಳಗೆ ಹೇಳಿ.