ಹೊಸ ಮನೆಯಲ್ಲಿ ಕೋಣೆಗೊಂದು ಥರ್ಮೋಸ್ಟಾಟ್ ಬೇಕೇ?

ಪ್ರಶ್ನೆ
ನಮಸ್ಕಾರ. ಚಳಿ ಜಾಸ್ತಿ ಇರುವ ಕಡೆ ಹೊಸ ಮನೆ ಕಟ್ಟಿಸುತ್ತಿದ್ದೇವೆ. ಇನ್ಸುಲೇಷನ್ ಚೆನ್ನಾಗಿದೆ. ಎರಡು ಮಹಡಿಗೂ ನೆಲದಡಿ ಬಿಸಿನೀರಿನ ಪೈಪು, ನೀರು ಕಾಯಿಸಲು ಹೀಟ್ ಪಂಪ್ (ಹೊರಗಿನ ಶಾಖವನ್ನು ವಿದ್ಯುತ್ತಿನಿಂದ ಒಳಗೆಳೆಯುವ ಯಂತ್ರ). ಒಟ್ಟು ಒಂಬತ್ತು ಕೋಣೆ. ಒಂಬತ್ತಕ್ಕೂ ಥರ್ಮೋಸ್ಟಾಟ್ (ಕೋಣೆಯ ಬಿಸಿ ನೋಡಿ ನೀರು ಬಿಡಿಸುವ, ತಡೆಯಿಸುವ ಸಾಧನ) ಹಾಕಿಸಿ ಅಂತ ಕಂಟ್ರಾಕ್ಟರ್, ಒಂದೇ ಸಾಕು ಅಂತ ಹೀಟ್ ಪಂಪಿನವರು. ಪೈಪಿನ ಮೇಲೆ ಸ್ಕ್ರೀಡ್ (ಸಿಮೆಂಟ್ ಗಾರೆಯ ಪದರ) ಹಾಕಲು ಇನ್ನು ಮೂರೇ ವಾರ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ
ಥರ್ಮೋಸ್ಟಾಟನ್ನು ಮುಂದೆ ಯಾವಾಗ ಬೇಕಾದರೂ ಹಾಕಿಸಬಹುದು ಸರ್. ಪೈಪಿಗೆ ಆ ಅವಕಾಶ ಇಲ್ಲ. ಹಾಗಾಗಿ ಈ ಮೂರು ವಾರದಲ್ಲಿ ಲೂಪ್ (ನೆಲದಡಿ ಪೈಪಿನ ಒಂದೊಂದು ಸುತ್ತು) ನಕ್ಷೆಯನ್ನು ಕೂತು ನೋಡಿ. ಒಂದು ಲೂಪ್ ಒಂದೇ ಕೋಣೆಯಲ್ಲಿ ಸುತ್ತಿ ಮ್ಯಾನಿಫೋಲ್ಡಿಗೆ, ಅಂದರೆ ನೀರನ್ನು ಎಲ್ಲ ಲೂಪಿಗೂ ಹಂಚುವ ಕೊಳವೆಗೆ, ವಾಪಸ್ ಬರಬೇಕು. ಪೈಪು ಉಳಿಸಲು ಎರಡು ಕೋಣೆಗೆ ಒಂದೇ ಲೂಪ್ ಎಳೆದರೆ ಆ ಎರಡನ್ನು ಇನ್ನೆಂದೂ ಬೇರೆ ಮಾಡಲಾಗದು. 16 ಮಿ.ಮೀ. ಪೈಪಾದರೆ ಒಂದು ಲೂಪ್ 100 ಮೀಟರ್ ದಾಟದಿರಲಿ. 150 ಮಿ.ಮೀ. ಅಂತರದಲ್ಲಿ ಚದರ ಮೀಟರಿಗೆ ಸುಮಾರು 6.7 ಮೀಟರ್ ಪೈಪು ಹಿಡಿಯುತ್ತದೆ. ಮ್ಯಾನಿಫೋಲ್ಡ್‌ವರೆಗೆ ಹೋಗಿಬರುವ ಉದ್ದ ಕಳೆದರೆ ಒಂದು ಲೂಪಿಗೆ 13 ಚದರ ಮೀಟರ್ ಆಸುಪಾಸು. ದೊಡ್ಡ ಹಾಲ್‌ಗೆ ಎರಡು ಮೂರು ಲೂಪ್ ಬೇಕಾಗುತ್ತದೆ.

ಮ್ಯಾನಿಫೋಲ್ಡಿನಲ್ಲಿ ಪ್ರತಿ ಲೂಪಿಗೂ ಹರಿವು ತೋರಿಸುವ ಫ್ಲೋ ಮೀಟರ್ ಇರಲಿ, ವಾಲ್ವಿನ ಥ್ರೆಡ್ M30×1.5 ಇರಲಿ. ಥರ್ಮೋಸ್ಟಾಟ್ ಹೇಳಿದಂತೆ ವಾಲ್ವ್ ತೆರೆದು ಮುಚ್ಚುವ ಹೆಚ್ಚಿನ ಆಕ್ಚುಯೇಟರ್‌ಗಳು ಅದಕ್ಕೇ ಕೂರುತ್ತವೆ.

ಉತ್ತರ
ಹೀಟ್ ಪಂಪಿನವರು ಹೇಳುವುದರಲ್ಲಿ ಹುರುಳಿದೆ. ನೆಲದ ಮೇಲ್ಮೈ 24 ಡಿಗ್ರಿ, ಕೋಣೆ 21 ಡಿಗ್ರಿ ಇದ್ದಾಗ ನೆಲ ಚದರ ಮೀಟರಿಗೆ ಸುಮಾರು 30 ವ್ಯಾಟ್ ಕೊಡುತ್ತದೆ. ಬಿಸಿಲು ಬಿದ್ದೋ ಜನ ಸೇರಿಯೋ ಕೋಣೆ 23ಕ್ಕೆ ಏರಿತೆನ್ನಿ, ಕೊಡುವುದು ತಾನಾಗಿಯೇ 10 ವ್ಯಾಟಿಗೆ ಇಳಿಯುತ್ತದೆ. ಯಾವ ಸಾಧನವೂ ಬೇಡ. ಆದರೆ ನೀರು ಹದವಾಗಿದ್ದರೆ ಮಾತ್ರ ಈ ಗುಣ ಸಿಗುವುದು. ನೀರು 45 ಡಿಗ್ರಿಯಲ್ಲಿ ಹೋಗುತ್ತಿದ್ದರೆ ನೆಲ ಕೆಂಡವಾಗಿ, ಥರ್ಮೋಸ್ಟಾಟ್ ಇಲ್ಲದೆ ಗತಿಯಿಲ್ಲ ಎನ್ನುವಂತಾಗುತ್ತದೆ.

ಎಲ್ಲ ಕೋಣೆಗೂ ಹಾಕಿಸಿದರೆ ಏನಾಗುತ್ತದೆ ಎಂಬುದನ್ನೂ ನೋಡಿ. ಎಂಟು ಕೋಣೆಯ ವಾಲ್ವ್ ಮುಚ್ಚಿ ಒಂದು ಮಲಗುವ ಕೋಣೆ ಮಾತ್ರ ಬಿಸಿ ಕೇಳಿತು. ಅದಕ್ಕೆ ಬೇಕಿರುವುದು 400 ವ್ಯಾಟ್. ಪಂಪ್ ಎಷ್ಟೇ ತಗ್ಗಿದರೂ 3 ಕಿಲೋವ್ಯಾಟಿಗಿಂತ ಕೆಳಗೆ ಬಾರದು ಎಂದಿಟ್ಟುಕೊಳ್ಳಿ. 100 ಮೀಟರ್ ಲೂಪಿನಲ್ಲಿ ಇರುವ ನೀರೇ 11 ಲೀಟರ್. ಅಷ್ಟಕ್ಕೆ ಇಷ್ಟು ಶಾಖ ಸುರಿದರೆ ನಿಮಿಷಕ್ಕೆ 3 ಡಿಗ್ರಿಗೂ ಹೆಚ್ಚು ಏರಿ ಪಂಪ್ ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಗುತ್ತದೆ. ಕಂಪ್ರೆಸರ್ ಸವೆಯುವುದೇ ಹೀಗೆ. ಅದಕ್ಕೆ ಮದ್ದು ಎಂದು ಬಫರ್ ಟ್ಯಾಂಕ್ (ಬಿಸಿನೀರು ಕೂಡಿಡುವ ತೊಟ್ಟಿ) ಇಡುತ್ತಾರೆ. ಬಂದ ನೀರು, ಹಿಂತಿರುಗಿದ ನೀರು ಅಲ್ಲಿ ಬೆರೆತು, ಅದೇ ಬಿಸಿಗಾಗಿ ಪಂಪ್ ಇನ್ನೂ ಒಂದೆರಡು ಡಿಗ್ರಿ ಹೆಚ್ಚು ಕಾಯಿಸಬೇಕಾಗುತ್ತದೆ. ಪ್ರತಿ ಡಿಗ್ರಿಗೆ ದಕ್ಷತೆ ಶೇ. 2ರಿಂದ 2.5ರಷ್ಟು ಕುಸಿಯುತ್ತದೆ.

ಮರುಪ್ರಶ್ನೆ
ಧನ್ಯವಾದ. ಆದರೆ ಮಲಗುವ ಕೋಣೆ 17 ಡಿಗ್ರಿಯಲ್ಲೇ ಇರಬೇಕೆಂದು ಮನೆಯವರ ಆಸೆ. ಅದಕ್ಕಾದರೂ ಬೇಡವೇ?

ಉತ್ತರ
ಲೆಕ್ಕ ಹಾಕಿ ನೋಡೋಣ. ಇನ್ಸುಲೇಷನ್ ಇಲ್ಲದ ಒಳಗೋಡೆ 25 ಚದರ ಮೀಟರ್, ಅದರ ಮೂಲಕ ಪ್ರತಿ ಡಿಗ್ರಿಗೆ 45 ವ್ಯಾಟ್ ಒಳಬರುತ್ತದೆ. ಹೊರಗೋಡೆ, ಕಿಟಕಿ, ಗಾಳಿ ಎಲ್ಲ ಸೇರಿ ಹೊರಹೋಗುವುದು ಪ್ರತಿ ಡಿಗ್ರಿಗೆ 9 ವ್ಯಾಟ್. ಹೊರಗೆ 0 ಡಿಗ್ರಿ, ಪಕ್ಕದ ಕೋಣೆಗಳು 21 ಇದ್ದರೆ, ಲೂಪ್ ಪೂರ್ತಿ ಮುಚ್ಚಿದರೂ ಕೋಣೆ 17.5ರಲ್ಲಿ ನಿಲ್ಲುತ್ತದೆ. ಕೆಳಗಿನ ಮಹಡಿಯ ಶಾಖ ಸೇರಿಸಿದರೆ ಇನ್ನೂ ಮೇಲೆಯೇ. ಅಂದರೆ ಒಳ್ಳೆಯ ಇನ್ಸುಲೇಷನ್ ಇರುವ ಮನೆಯಲ್ಲಿ ಥರ್ಮೋಸ್ಟಾಟ್ ಮುಚ್ಚಬಹುದೇ ಹೊರತು ತಂಪು ಮಾಡಲಾರದು. 17 ಬೇಕಿದ್ದರೆ ಒಳಗೋಡೆಗೆ ಇನ್ಸುಲೇಷನ್ ತುಂಬಿಸಿ, ಬಾಗಿಲು ಮುಚ್ಚಿಡಿ, ಲೂಪಿನ ಹರಿವು ಕಡಿಮೆ ಮಾಡಿ.

ಉತ್ತರ
ಆದರೂ ಒಂದೇ ಸಾಕು ಎನ್ನುವುದನ್ನು ಪೂರ್ತಿ ಒಪ್ಪಲಾರೆ. ದೊಡ್ಡ ಗಾಜಿನ ಮೂಲಕ ಬಿಸಿಲು ಬೀಳುವ ಕೋಣೆ, ಸೌದೆ ಒಲೆ ಇರುವ ಹಾಲ್, ತಿಂಗಳುಗಟ್ಟಲೆ ಖಾಲಿ ಇರುವ ಅತಿಥಿ ಕೋಣೆ, ಇವಕ್ಕೆ ಖಂಡಿತ ಹಾಕಿಸಿ. ನಿರೀಕ್ಷೆ ಮಾತ್ರ ಹದದಲ್ಲಿರಲಿ: 65 ಮಿ.ಮೀ. ಸ್ಕ್ರೀಡ್ ಒಳಗಿಟ್ಟುಕೊಂಡ ಶಾಖ ವಾಲ್ವ್ ಮುಚ್ಚಿದ ಮೇಲೂ ಗಂಟೆಗಟ್ಟಲೆ ಬರುತ್ತಿರುತ್ತದೆ. ಮರದ ನೆಲಕ್ಕೆ ಫ್ಲೋರ್ ಸೆನ್ಸರ್ ಇರುವುದೇ ಬೇಕು, ಮೇಲ್ಮೈ 27 ಡಿಗ್ರಿ ದಾಟಿದರೆ ಹಲಗೆ ಬಿರುಕು ಬಿಡಬಹುದು. ಬಾತ್‌ರೂಮಿಗೆ ಬೇಡ, ಆ ಲೂಪ್ ಸದಾ ತೆರೆದಿರಲಿ.

ನಿಮ್ಮಲ್ಲಿನ ಕಟ್ಟಡ ನಿಯಮವನ್ನೂ ನೋಡಿಕೊಳ್ಳಿ. ಯುರೋಪಿಯನ್ ಒಕ್ಕೂಟದ ನಿರ್ದೇಶನದ ಪ್ರಕಾರ, ತಾಂತ್ರಿಕವಾಗಿ ಮತ್ತು ಆರ್ಥಿಕವಾಗಿ ಸಾಧ್ಯವಿರುವಲ್ಲಿ, ಹೊಸ ಮನೆಗಳಲ್ಲಿ ಕೋಣೆವಾರು ನಿಯಂತ್ರಣ ಇರಬೇಕು.

ಉತ್ತರ
ಹಾಕಿಸಿ, ಬಿಡಿ, ಪ್ರತಿ ಕೋಣೆಯಿಂದ ಮ್ಯಾನಿಫೋಲ್ಡ್‌ವರೆಗೆ 20 ಮಿ.ಮೀ. ಕಾಂಡ್ಯೂಟ್ (ತಂತಿ ಎಳೆಯುವ ಖಾಲಿ ಕೊಳವೆ) ಎಳೆಸಿಬಿಡಿ. ಗೋಡೆಯ ಡಬ್ಬಿ ನೆಲದಿಂದ 1.2ರಿಂದ 1.5 ಮೀಟರ್ ಎತ್ತರದಲ್ಲಿರಲಿ. ಹೊರಗೋಡೆ, ಬಾಗಿಲ ಹಿಂಬದಿ, ಟಿವಿ ಪಕ್ಕ ಬೇಡ. ವೈರ್‌ಲೆಸ್ ನಂಬಿ ಕಾಂಡ್ಯೂಟ್ ಬಿಡಬೇಡಿ, ಇನ್ಸುಲೇಷನ್ ಬೋರ್ಡಿನ ಅಲ್ಯೂಮಿನಿಯಂ ಹಾಳೆ ಸಿಗ್ನಲ್ ತಡೆಯುತ್ತದೆ.

ಇಲ್ಲಿ ಪದೇ ಪದೇ ಆಗುವ ತಪ್ಪೆಂದರೆ ತಂತಿ ಅದಲುಬದಲಾಗುವುದು. ಅಡುಗೆಮನೆಯ ಥರ್ಮೋಸ್ಟಾಟ್ ಮಕ್ಕಳ ಕೋಣೆಯ ವಾಲ್ವ್ ತೆರೆಯುತ್ತಿರುತ್ತದೆ, ಒಂದು ಕಡೆ ಸೆಕೆ, ಇನ್ನೊಂದು ಕಡೆ ಚಳಿ. ಎಲ್ಲವನ್ನೂ 5 ಡಿಗ್ರಿಗೆ ಇಳಿಸಿ, ಒಂದನ್ನು ಮಾತ್ರ 30ಕ್ಕೆ ಏರಿಸಿ. ಐದು ನಿಮಿಷದೊಳಗೆ ಅದೇ ಕೋಣೆಯ ಆಕ್ಚುಯೇಟರ್ ಮೇಲೆದ್ದು ಫ್ಲೋ ಮೀಟರ್ ಅಲುಗಬೇಕು. ಒಂಬತ್ತನ್ನೂ ಹೀಗೇ ನೋಡಿ, ಸಾಲಾಗಿ ಚೀಟಿ ಅಂಟಿಸಿ.

ಉತ್ತರ
ಹರಿವಿನ ಹೊಂದಾಣಿಕೆ ಆಗದೆ ಥರ್ಮೋಸ್ಟಾಟ್ ಸಂಖ್ಯೆ ತೀರ್ಮಾನಿಸಬೇಡಿ. ಹೋಗುವ ನೀರಿಗೂ ಹಿಂತಿರುಗುವ ನೀರಿಗೂ 5 ಡಿಗ್ರಿ ವ್ಯತ್ಯಾಸವಿದ್ದು ನಿಮಿಷಕ್ಕೆ 1 ಲೀಟರ್ ಹರಿದರೆ ಸುಮಾರು 350 ವ್ಯಾಟ್. 420 ವ್ಯಾಟ್ ಬೇಕಿರುವ ಕೋಣೆಗೆ 1.2 ಲೀಟರ್. ಈ ಲೆಕ್ಕದಲ್ಲಿ ಎಲ್ಲ ಲೂಪ್ ಹೊಂದಿಸಿ, ಆಕ್ಚುಯೇಟರ್ ಇದ್ದರೆ ಪೂರ್ತಿ ತೆರೆದಿಡಿ. ಸೆಕೆಯಾದ ಕೋಣೆಗೆ 0.2 ಲೀಟರ್ ತಗ್ಗಿಸಿ ಇಡೀ ಒಂದು ದಿನ ಕಾಯಿರಿ. ಆತುರಪಟ್ಟು ಗಂಟೆಗೊಮ್ಮೆ ತಿರುಗಿಸಿದರೆ ಏನೂ ಗೊತ್ತಾಗದು. ಮನೆಯೆಲ್ಲ ಚಳಿಯೆನಿಸಿದರೆ ಲೂಪ್ ಮುಟ್ಟದೆ ಹೀಟ್ ಪಂಪಿನ ಹೀಟಿಂಗ್ ಕರ್ವ್ (ಹೊರಗಿನ ಚಳಿಗೆ ತಕ್ಕಂತೆ ನೀರು ಎಷ್ಟು ಬಿಸಿ ಇರಬೇಕೆಂದು ಹೇಳುವ ಗೆರೆ) ಏರಿಸಿ. ಕೊರೆಯುವ ದಿನಗಳಲ್ಲಿ ಮಾತ್ರ ಸಾಲದಿದ್ದರೆ ಅದರ ಇಳಿಜಾರು ಹೆಚ್ಚಿಸಿ, ಎಲ್ಲ ದಿನವೂ ಸಾಲದಿದ್ದರೆ ಇಡೀ ಗೆರೆಯನ್ನೇ ಮೇಲೆತ್ತಿ. ಒಂದು ಚಳಿಗಾಲ ಹೀಗೆ ಕಳೆದ ಮೇಲೂ ಕಾಟ ಕೊಡುವ ಕೋಣೆಗೆ, ಖಾಲಿ ಬಿಟ್ಟ ಕಾಂಡ್ಯೂಟಿನಲ್ಲಿ ತಂತಿ ಎಳೆಸಿ ಥರ್ಮೋಸ್ಟಾಟ್ ಹಾಕಿಸಿ.